ಕೊಠಡಿ ನಮ್ಮದು, ಮುಂಗಡ ಪುಸ್ತಕ ಯಾರದು?

ವ್ಯಾಪಾರದ ದೃಷ್ಟಿಯಿಂದ ನೋಡಿದಾಗ ವಸತಿಗೃಹದ ಕೊಠಡಿ ಮತ್ತು ಬಸ್ಸಿನ ಆಸನ ಇತರ ಸರಕುಗಳಿಗಿಂತ ಭಿನ್ನವಾದವು. ದಾವಣಗೆರೆಯ ಜವಳಿ ಅಂಗಡಿಯಲ್ಲಿ ಇಂದು ಮಾರಾಟವಾಗದ ಸೀರೆ ನಾಳೆ ಮಾರಾಟವಾಗಬಹುದು. ಪೀಣ್ಯದ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗ ಒಂದು ತಿಂಗಳು ಉಗ್ರಾಣದಲ್ಲಿದ್ದರೂ ಮಾರಲು ಯೋಗ್ಯವಾಗಿಯೇ ಉಳಿಯುತ್ತದೆ. ಆದರೆ ನಿನ್ನೆ ರಾತ್ರಿ ಖಾಲಿ ಉಳಿದ ಕೊಠಡಿಯನ್ನು ಇಂದು ಮಾರಲು ಬರುವುದಿಲ್ಲ. ನಿಲ್ದಾಣ ಬಿಟ್ಟ ಬಸ್ಸಿನ ಖಾಲಿ ಆಸನಕ್ಕೆ ಬೆಲೆಯೇ ಇಲ್ಲ. ಇಂತಹ ಸರಕನ್ನು ಮಾರುವವನಿಗೆ ಯಾವ ದಿನ ಎಷ್ಟು ಮಾರಾಟವಾಗಿದೆ, ಎಷ್ಟು ಉಳಿದಿದೆ, ಕೊಂಡವರು ಯಾರು ಎಂಬುದನ್ನು ತಿಳಿಸುವ ಮುಂಗಡ ಪುಸ್ತಕವೇ ವ್ಯಾಪಾರದ ಜೀವಾಳ.

ಕಳೆದ ಎರಡು ದಶಕಗಳಲ್ಲಿ ಈ ಮುಂಗಡ ಪುಸ್ತಕವು ಸ್ವಾಗತ ಮೇಜಿನಿಂದ ಅಂತರ್ಜಾಲಕ್ಕೆ ವರ್ಗಾವಣೆಗೊಂಡಿದೆ. ಇದು ಸ್ವಾಗತಾರ್ಹ ಬದಲಾವಣೆ. ಆದರೆ ಈ ವರ್ಗಾವಣೆಯ ಸಂದರ್ಭದಲ್ಲಿ ಪುಸ್ತಕದ ಒಡೆತನವೂ ಅನೇಕರ ಕೈತಪ್ಪಿ ಹೋಗಿದೆ. ಮೈಸೂರು, ಹಂಪಿ, ಕೊಡಗು, ಚಿಕ್ಕಮಗಳೂರು ಮೊದಲಾದೆಡೆ ಹತ್ತು ಹದಿನೈದು ಕೊಠಡಿಗಳ ವಸತಿಗೃಹ ಅಥವಾ ಹೋಂಸ್ಟೇ ನಡೆಸುವ ಸಣ್ಣ ಉದ್ದಿಮೆದಾರರು ಈ ವಿಷಯವನ್ನು ಗಂಭೀರವಾಗಿ ಪರಿಶೀಲಿಸುವ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಅಂತರ್ಜಾಲ ಮಾರುಕಟ್ಟೆಗಳ ಮೂಲಕ ಸರಕು ಮಾರುವ ಇತರ ವರ್ತಕರಿಗೂ ಇಲ್ಲಿನ ಬಹುಪಾಲು ವಿಚಾರಗಳು ಅನ್ವಯಿಸುತ್ತವೆ.

ನಡೆದು ಬಂದ ದಾರಿ

ಗಣಕಯಂತ್ರದ ಮೂಲಕ ಆಸನ ಕಾಯ್ದಿರಿಸುವ ಪದ್ಧತಿ ಆರಂಭವಾದುದು ವಿಮಾನಯಾನ ಕ್ಷೇತ್ರದಲ್ಲಿ. ಅಮೆರಿಕನ್ ಏರ್‌ಲೈನ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು ಜಂಟಿಯಾಗಿ ರೂಪಿಸಿದ ‘ಸೇಬರ್’ ವ್ಯವಸ್ಥೆ 1960ರ ದಶಕದ ಮೊದಲ ಭಾಗದಲ್ಲಿ ಕಾರ್ಯಾರಂಭ ಮಾಡಿತು. 1976ರಿಂದ ಅದರ ಪರದೆಗಳನ್ನು ಪ್ರವಾಸಿ ಏಜೆಂಟರ ಕಚೇರಿಗಳಲ್ಲಿಯೂ ಅಳವಡಿಸಲಾಯಿತು. ನಮ್ಮ ದೇಶದಲ್ಲಿ ರೈಲ್ವೆ ಇಲಾಖೆಯು 1980ರ ದಶಕದ ಮಧ್ಯಭಾಗದಲ್ಲಿ ದೆಹಲಿಯಿಂದ ಗಣಕೀಕೃತ ಮುಂಗಡ ಟಿಕೆಟ್ ವ್ಯವಸ್ಥೆಯನ್ನು ಆರಂಭಿಸಿತು. 2002ರ ಆಗಸ್ಟ್‌ನಲ್ಲಿ ಐ.ಆರ್.ಸಿ.ಟಿ.ಸಿ. ಅಂತರ್ಜಾಲದ ಮೂಲಕ ಟಿಕೆಟ್ ನೀಡಲಾರಂಭಿಸಿದಾಗ ಮುದ್ರಿತ ಟಿಕೆಟ್ ಕೊರಿಯರ್ ಮೂಲಕ ಮನೆಗೆ ಬರುತ್ತಿತ್ತು. 2005ರಲ್ಲಿ ಇ-ಟಿಕೆಟ್ ಬಂದ ಬಳಿಕ ಆ ಹಂತವೂ ಅನಗತ್ಯವಾಯಿತು.

ಬಸ್ಸು ಸಾರಿಗೆಯಲ್ಲಿ ಈ ಬದಲಾವಣೆಗೆ ಬೆಂಗಳೂರೇ ಕೇಂದ್ರ. ಕಲಾಸಿಪಾಳ್ಯ, ಆನಂದರಾವ್ ವೃತ್ತಗಳ ಟ್ರಾವೆಲ್ಸ್ ಕಚೇರಿಗಳಲ್ಲಿ ಹಿಂದೆ ಪ್ರತಿ ಏಜೆಂಟನಿಗೂ ಇಷ್ಟು ಆಸನಗಳೆಂದು ಕೋಟಾ ಹಂಚಲಾಗುತ್ತಿತ್ತು. ಒಬ್ಬ ಏಜೆಂಟನ ಬಳಿ ಆಸನ ಉಳಿದಿದ್ದರೂ ಮತ್ತೊಬ್ಬನ ಬಳಿ ಪ್ರಯಾಣಿಕ ನಿರಾಶನಾಗಿ ಹಿಂದಿರುಗುತ್ತಿದ್ದ. 2006ರಲ್ಲಿ ಫಣೀಂದ್ರ ಸಾಮ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಸ್ಥಾಪಿಸಿದ ರೆಡ್‌ಬಸ್ ಈ ಚದುರಿದ ಕೋಟಾಗಳನ್ನು ಒಂದೇ ಆಸನ ನಕ್ಷೆಯ ಅಡಿಯಲ್ಲಿ ತಂದಿತು. ಬಸ್ ಮಾಲೀಕರಿಗಾಗಿ ಪ್ರತ್ಯೇಕ ತಂತ್ರಾಂಶವನ್ನೂ ಅದು ಒದಗಿಸಿತು. ಆ ಸಂಸ್ಥೆ 2013ರಲ್ಲಿ ಐಬಿಬೊ ಸಮೂಹದ ಪಾಲಾಯಿತು. 2017ರಲ್ಲಿ ಐಬಿಬೊ ಸಮೂಹವೇ ಮೇಕ್‌ಮೈಟ್ರಿಪ್‌ನಲ್ಲಿ ವಿಲೀನವಾಯಿತು. ಹೀಗೆ ವಿಮಾನ, ವಸತಿ, ಬಸ್ಸು ಮೂರೂ ಕ್ಷೇತ್ರಗಳ ದೊಡ್ಡ ಪ್ರಮಾಣದ ಮುಂಗಡ ವಹಿವಾಟು ಒಂದೇ ಸಮೂಹದ ಅಡಿಯಲ್ಲಿ ಬಂದಿತು.

ಇದೇ ಅವಧಿಯಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ‘ಅವತಾರ್’ ಎಂಬ ಹೆಸರಿನಲ್ಲಿ ತನ್ನದೇ ಆದ ಮುಂಗಡ ಕಾಯ್ದಿರಿಸುವಿಕೆ ವ್ಯವಸ್ಥೆಯನ್ನು ಜಾರಿಗೆ ತಂದುದನ್ನು ಗಮನಿಸಬೇಕು. ನಿಗಮದ ಪ್ರಯಾಣಿಕ ನಿಗಮದ ಜಾಲತಾಣಕ್ಕೇ ಹೋಗುವ ಅಭ್ಯಾಸ ಬೆಳೆಯಿತು. ಮುಂಗಡ ಪುಸ್ತಕವನ್ನು ತನ್ನಲ್ಲೇ ಉಳಿಸಿಕೊಂಡು ಅಂತರ್ಜಾಲಕ್ಕೆ ಹೋಗಲು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಇರುವ ನಿದರ್ಶನವಿದು.

ಲಾಭವನ್ನು ಅಲ್ಲಗಳೆಯಲಾಗದು

ಮಧ್ಯವರ್ತಿ ಜಾಲತಾಣಗಳನ್ನು ಶತ್ರುಗಳೆಂದು ಭಾವಿಸುವುದು ಸರಿಯಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇವನ್ನು ನೋಡಲು ಕೋಲ್ಕತ್ತಾದಿಂದಲೋ ಜರ್ಮನಿಯಿಂದಲೋ ಹೊರಡುವ ಪ್ರವಾಸಿಗೆ ಹಾಸನದ ಒಂದು ಸಣ್ಣ ವಸತಿಗೃಹದ ಹೆಸರು ತಿಳಿಯುವ ಸಂಭವವೇ ಇರಲಿಲ್ಲ. ಇಂದು ಅದರ ಛಾಯಾಚಿತ್ರ, ದರ, ಹಿಂದಿನ ಅತಿಥಿಗಳ ಅಭಿಪ್ರಾಯ ಎಲ್ಲವೂ ಆತನ ಕೈಯಲ್ಲಿರುವ ಮೊಬೈಲಿನಲ್ಲಿವೆ. ಜಾಹೀರಾತಿಗೆ ಹಣವಿಲ್ಲದ ಸಣ್ಣ ಉದ್ದಿಮೆದಾರನಿಗೆ ಇಷ್ಟು ವಿಶಾಲವಾದ ಮಾರುಕಟ್ಟೆಯನ್ನು ಬೇರೆ ಯಾರೂ ಒದಗಿಸಿರಲಿಲ್ಲ. ವಾರದ ಮಧ್ಯದಲ್ಲಿ ಖಾಲಿ ಬೀಳುತ್ತಿದ್ದ ಕೊಠಡಿ ಕಮಿಷನ್ ಕೊಟ್ಟಾದರೂ ತುಂಬಿದರೆ ಅದು ನಿವ್ವಳ ಲಾಭವೇ ಸರಿ. ಪ್ರಶ್ನೆ ಇರುವುದು ಈ ಸೇವೆಯ ಪೂರ್ಣ ಬೆಲೆ ನಮಗೆ ತಿಳಿದಿದೆಯೇ ಎಂಬುದರಲ್ಲಿ.

ಒಂದು ಕೊಠಡಿಯ ಲೆಕ್ಕ

ಲೆಕ್ಕ ಸುಲಭವಾಗಲೆಂದು ದಿನಕ್ಕೆ 3,000 ರೂಪಾಯಿ ಬಾಡಿಗೆಯ ಒಂದು ಕೊಠಡಿಯನ್ನೂ ಶೇಕಡಾ 20ರ ಕಮಿಷನ್ನನ್ನೂ ಊಹಿಸಿಕೊಳ್ಳೋಣ. ಕಮಿಷನ್ ಪ್ರಮಾಣ ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗುತ್ತದೆ. ಓದುಗರು ತಮ್ಮ ಒಪ್ಪಂದದ ಅಂಕಿಯನ್ನೇ ಹಾಕಿ ನೋಡಬಹುದು. ಕಮಿಷನ್ 600 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿ.ಎಸ್.ಟಿ. 108 ರೂಪಾಯಿ. ಒಟ್ಟು 708 ರೂಪಾಯಿ.

ಈ 108 ರೂಪಾಯಿಯ ವಿಷಯದಲ್ಲಿ 2025ರ ಸೆಪ್ಟೆಂಬರ್ 22ರಿಂದ ಮಹತ್ವದ ಬದಲಾವಣೆಯಾಗಿದೆ. ಅದಕ್ಕೂ ಮೊದಲು ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ ಶೇಕಡಾ 12ರ ತೆರಿಗೆಯಿತ್ತು. ಕಮಿಷನ್ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ವಜಾ ಮಾಡಿಕೊಳ್ಳಲು ಅವಕಾಶವಿತ್ತು. ಆ ದಿನಾಂಕದಿಂದ ಈ ವರ್ಗದ ಕೊಠಡಿಗಳಿಗೆ ತೆರಿಗೆ ಶೇಕಡಾ 5ಕ್ಕೆ ಇಳಿಯಿತು. ಅದರೊಂದಿಗೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯವೂ ರದ್ದಾಯಿತು. ಅತಿಥಿ ಕೊಡುವ ತೆರಿಗೆ 360 ರೂಪಾಯಿಯಿಂದ 150 ರೂಪಾಯಿಗೆ ಇಳಿದುದು ಸಂತೋಷದ ಸಂಗತಿ. ಆದರೆ ಹಿಂದೆ ಜಮೆಯಾಗಿ ಹಿಂದಿರುಗುತ್ತಿದ್ದ 108 ರೂಪಾಯಿ ಈಗ ಮಾಲೀಕನ ನೇರ ವೆಚ್ಚ. ಶೇಕಡಾ 20 ಎಂದು ಸಹಿ ಮಾಡಿದ ಕಮಿಷನ್ ವಾಸ್ತವದಲ್ಲಿ ಶೇಕಡಾ 23.6 ಆಗಿದೆ. ಕೈಗೆ ಉಳಿಯುವುದು 2,292 ರೂಪಾಯಿ. ವಿದ್ಯುತ್, ಸಿಬ್ಬಂದಿ ವೇತನ, ಅಗಸನ ಖರ್ಚು, ಸಾಲದ ಬಡ್ಡಿ ಎಲ್ಲವೂ ಇದರಿಂದಲೇ ಆಗಬೇಕು. ಹಳೆಯ ತೆರಿಗೆ ಪದ್ಧತಿಯ ಕಾಲದಲ್ಲಿ ಕಮಿಷನ್ ಒಪ್ಪಂದ ಮಾಡಿಕೊಂಡವರು ಈ ಒಂದು ಕಾರಣಕ್ಕಾಗಿಯೇ ಅದನ್ನು ಮರುಪರಿಶೀಲಿಸತಕ್ಕದ್ದು.

ಇದಲ್ಲದೆ ರಿಯಾಯಿತಿಯ ಪ್ರಶ್ನೆಯಿದೆ. ಹಬ್ಬದ ಸಂದರ್ಭದಲ್ಲಿ ಜಾಲತಾಣವು ಘೋಷಿಸುವ ರಿಯಾಯಿತಿಯನ್ನು ಯಾರು ಭರಿಸುತ್ತಾರೆ, ಜಾಲತಾಣವೋ ಮಾಲೀಕನೋ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ಕಮಿಷನ್ ಲೆಕ್ಕ ಹಾಕುವುದು ಮೂಲ ದರದ ಮೇಲೋ ರಿಯಾಯಿತಿ ಕಳೆದ ದರದ ಮೇಲೋ ಎಂಬುದೂ ಅಷ್ಟೇ ಮುಖ್ಯ. ಒಪ್ಪಂದ ಪತ್ರದ ಈ ಎರಡು ಅಂಶಗಳನ್ನು ಓದದೆ ಒಪ್ಪಿಗೆಯ ಗುಂಡಿ ಒತ್ತುವವರೇ ಹೆಚ್ಚು.

ಲೆಕ್ಕಪುಸ್ತಕದಲ್ಲಿ ಆಗುವ ತಪ್ಪು

ಇದೇ ಉದಾಹರಣೆಯನ್ನು ಮುಂದುವರಿಸೋಣ. ಅತಿಥಿ ಜಾಲತಾಣಕ್ಕೆ 3,150 ರೂಪಾಯಿ ಪಾವತಿ ಮಾಡುತ್ತಾನೆ. ಜಾಲತಾಣವು ಕಮಿಷನ್ ಮತ್ತು ಅದರ ತೆರಿಗೆಯಾಗಿ 708 ರೂಪಾಯಿ ಹಿಡಿದುಕೊಳ್ಳುತ್ತದೆ. ಜಿ.ಎಸ್.ಟಿ. ಕಾಯ್ದೆಯ ಕಲಂ 52ರ ಪ್ರಕಾರ ಟಿ.ಸಿ.ಎಸ್. ಎಂದು 15 ರೂಪಾಯಿ ಸಂಗ್ರಹಿಸುತ್ತದೆ. 2018ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದಾಗ ಶೇಕಡಾ 1ರಷ್ಟಿದ್ದ ಈ ದರವನ್ನು 2024ರ ಜುಲೈ 10ರಿಂದ ಶೇಕಡಾ 0.5ಕ್ಕೆ ಇಳಿಸಲಾಗಿದೆ. ಆದಾಯ ತೆರಿಗೆಯ ಟಿ.ಡಿ.ಎಸ್. ಎಂದು ಮತ್ತೆ 3 ರೂಪಾಯಿ ಕಡಿತವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ 194-ಒ ಕಲಮಿನ ಅಡಿಯಲ್ಲಿ ಆರಂಭವಾದ ಈ ಕಡಿತ 2024ರ ಅಕ್ಟೋಬರ್ 1ರಿಂದ ಶೇಕಡಾ 0.1 ಆಗಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯಾದರೂ ಲೆಕ್ಕ ಇಡುವ ಕ್ರಮ ಇದೇ. ಅಂತಿಮವಾಗಿ ಬ್ಯಾಂಕಿಗೆ ಬರುವುದು 2,424 ರೂಪಾಯಿ.

ಅನೇಕ ಮಾಲೀಕರು ಈ 2,424 ರೂಪಾಯಿಯನ್ನೇ ಮಾರಾಟವೆಂದು ಬರೆದುಕೊಳ್ಳುತ್ತಾರೆ. ಇದು ತಪ್ಪು. ಮಾರಾಟ 3,000 ರೂಪಾಯಿ. ತೆರಿಗೆ 150 ರೂಪಾಯಿ. ಕಮಿಷನ್ ಪ್ರತ್ಯೇಕ ವೆಚ್ಚ. ಜಾಲತಾಣವು ಮರುತಿಂಗಳ 10ನೇ ತಾರೀಖಿನೊಳಗೆ ಜಿ.ಎಸ್.ಟಿ.ಆರ್.-8 ನಮೂನೆಯಲ್ಲಿ ಪೂರ್ಣ ವಹಿವಾಟನ್ನು ಇಲಾಖೆಗೆ ತಿಳಿಸಿರುತ್ತದೆ. ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿಯೂ ಪೂರ್ಣ ಮೊತ್ತವೇ ಕಾಣಿಸುತ್ತದೆ. ಮಾಲೀಕನ ರಿಟರ್ನಿನಲ್ಲಿ ಕಡಿಮೆ ಮೊತ್ತವಿದ್ದರೆ ನೋಟಿಸು ಬರುವುದು ಸಹಜ. ಯಾವ ದುರುದ್ದೇಶವೂ ಇಲ್ಲದ ಸಣ್ಣ ಉದ್ದಿಮೆದಾರರು ಕೇವಲ ಈ ನಮೂದಿನ ದೋಷದಿಂದ ಇಲಾಖೆಗೆ ಅಲೆಯಬೇಕಾಗುತ್ತದೆ. ಟಿ.ಸಿ.ಎಸ್. ಮೊತ್ತವನ್ನು ಜಿ.ಎಸ್.ಟಿ. ಪೋರ್ಟಲಿನಲ್ಲಿ ಒಪ್ಪಿಕೊಂಡು ನಗದು ಲೆಡ್ಜರಿಗೆ ತಂದುಕೊಳ್ಳದೆ ಬಿಟ್ಟವರೂ ಇದ್ದಾರೆ. ಒಂದು ಕೊಠಡಿಗೆ 15 ರೂಪಾಯಿ ಅಲ್ಪವೆನಿಸಬಹುದು. ವರ್ಷವಿಡೀ ಬಿಟ್ಟರೆ ಅದು ಅಲ್ಪವಲ್ಲ.

ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯೊಳಗಿದ್ದು ಜಿ.ಎಸ್.ಟಿ. ನೋಂದಣಿಯ ಹೊಣೆ ಇಲ್ಲದವರ ವಿಷಯ ಬೇರೆ. ಅವರ ಕೊಠಡಿ ಜಾಲತಾಣದ ಮೂಲಕ ಮಾರಾಟವಾದಾಗ ಕಲಂ 9(5)ರ ಪ್ರಕಾರ ಜಾಲತಾಣವೇ ತೆರಿಗೆ ಕಟ್ಟಬೇಕು. ಬಸ್ ಮಾಲೀಕರಿಗೆ 2022ರ ಜನವರಿ 1ರಿಂದ ಇದೇ ಕಲಂ ಅನ್ವಯಿಸಿತು. 2023ರ ಅಕ್ಟೋಬರ್ 20ರಿಂದ ಕಂಪನಿಯಾಗಿ ನೋಂದಣಿಯಾದ ಬಸ್ ಮಾಲೀಕರನ್ನು ಇದರಿಂದ ಹೊರಗಿಡಲಾಗಿದ್ದು, ಅವರು ತಾವೇ ತೆರಿಗೆ ಪಾವತಿಸಬೇಕು. ಯಾವ ವರ್ಗದಲ್ಲಿ ನಾವಿದ್ದೇವೆ ಎಂಬುದನ್ನು ತಿಳಿಯದೆ ವ್ಯವಹರಿಸುವುದು ಅಪಾಯಕರ.

ಪರದೆಯ ಮೇಲಿನ ಸ್ಥಾನ

ಕಮಿಷನ್ನಿಗಿಂತಲೂ ಆಳವಾದ ಸಮಸ್ಯೆಯೊಂದಿದೆ. ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ನಿರ್ಧರಿಸುವವರು ಯಾರು? ಈ ಪ್ರಶ್ನೆ ಹೊಸದಲ್ಲ. ಸೇಬರ್ ಪರದೆಯಲ್ಲಿ ಅದರ ಒಡೆಯರಾದ ಅಮೆರಿಕನ್ ಏರ್‌ಲೈನ್ಸಿನ ವಿಮಾನಗಳಿಗೇ ಅನುಕೂಲವಾದ ಸ್ಥಾನ ದೊರೆಯುತ್ತಿದೆ ಎಂದು ಇತರ ವಿಮಾನ ಸಂಸ್ಥೆಗಳು ದೂರಿದವು. ಪರಿಣಾಮವಾಗಿ 1984ರಲ್ಲಿ ಅಮೆರಿಕದ ನಾಗರಿಕ ವಿಮಾನಯಾನ ಮಂಡಳಿಯು ಪರದೆಯ ಮೇಲಿನ ಪಕ್ಷಪಾತವನ್ನು ನಿಷೇಧಿಸುವ ನಿಯಮಗಳನ್ನು ರೂಪಿಸಿತು. ಹಲವು ವಿಮಾನ ಸಂಸ್ಥೆಗಳು ಈ ವ್ಯವಸ್ಥೆಗಳಲ್ಲಿನ ತಮ್ಮ ಒಡೆತನವನ್ನು ಬಿಟ್ಟುಕೊಟ್ಟ ಬಳಿಕ, 2004ರಲ್ಲಿ ಆ ನಿಯಮಗಳನ್ನು ಹಿಂತೆಗೆದುಕೊಳ್ಳಲಾಯಿತು. ದೊಡ್ಡ ದೊಡ್ಡ ವಿಮಾನ ಸಂಸ್ಥೆಗಳಿಗೇ ಕಾನೂನಿನ ರಕ್ಷಣೆ ಬೇಕಾಯಿತೆಂದ ಮೇಲೆ ಹತ್ತು ಕೊಠಡಿಯ ಹೋಂಸ್ಟೇ ಮಾಲೀಕನ ಪಾಡೇನು ಎಂಬುದನ್ನು ಊಹಿಸಬಹುದು.

ಎರಡನೆಯ ಸಮಸ್ಯೆ ದರ ಸಮಾನತೆಯ ಷರತ್ತು. ಜಾಲತಾಣದಲ್ಲಿ ತೋರಿಸಿದ ದರಕ್ಕಿಂತ ಕಡಿಮೆ ದರಕ್ಕೆ ಬೇರೆಡೆ, ಕೆಲವೊಮ್ಮೆ ಮಾಲೀಕನ ಸ್ವಂತ ಜಾಲತಾಣದಲ್ಲಿಯೂ ಮಾರಬಾರದು ಎಂಬುದೇ ಈ ಷರತ್ತು. ಹೋಟೆಲ್ ಮತ್ತು ರೆಸ್ಟೋರೆಂಟ್ ಸಂಘಗಳ ಅಖಿಲ ಭಾರತ ಒಕ್ಕೂಟ ಸಲ್ಲಿಸಿದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 19ರಂದು ಆದೇಶ ನೀಡಿ, ಮೇಕ್‌ಮೈಟ್ರಿಪ್-ಗೋಐಬಿಬೊ ಸಮೂಹಕ್ಕೆ 223.48 ಕೋಟಿ ಹಾಗೂ ಓಯೋ ಸಂಸ್ಥೆಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿತು. ಹೋಟೆಲುಗಳೊಂದಿಗಿನ ಒಪ್ಪಂದಗಳಲ್ಲಿ ದರ ಮತ್ತು ಕೊಠಡಿ ಲಭ್ಯತೆಯ ಸಮಾನತೆಯ ಷರತ್ತುಗಳನ್ನು ತೆಗೆದುಹಾಕುವಂತೆ ಮೇಕ್‌ಮೈಟ್ರಿಪ್-ಗೋಐಬಿಬೊ ಸಮೂಹಕ್ಕೆ ಸೂಚಿಸಿತು. ಈ ಆದೇಶ ಮೇಲ್ಮನವಿಗೆ ಒಳಪಟ್ಟಿತಾದರೂ ಅದರಲ್ಲಿ ಎತ್ತಲಾದ ತತ್ವ ಗಮನಾರ್ಹ. ಫ್ರಾನ್ಸ್ ದೇಶವು 2015ರಲ್ಲಿಯೇ ಶಾಸನದ ಮೂಲಕ ಇಂತಹ ಷರತ್ತುಗಳನ್ನು ಅಸಿಂಧುಗೊಳಿಸಿತು. ಮುಂಗಡ ಜಾಲತಾಣದ ವ್ಯವಹಾರಕ್ಕೆ ದರ ಸಮಾನತೆಯ ಷರತ್ತು ಅನಿವಾರ್ಯವೆಂಬ ವಾದವನ್ನು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2024ರ ಸೆಪ್ಟೆಂಬರ್‌ನಲ್ಲಿ ಬುಕಿಂಗ್ ಡಾಟ್ ಕಾಂ ಪ್ರಕರಣದಲ್ಲಿ ಒಪ್ಪಲಿಲ್ಲ.

ಮೂರನೆಯದು ಗ್ರಾಹಕನ ಪರಿಚಯ. ಅತಿಥಿ ಬಂದು ಉಳಿದು ಹೋದ ಮೇಲೆಯೂ ಆತ ಜಾಲತಾಣದ ಗ್ರಾಹಕನಾಗಿಯೇ ಉಳಿಯುತ್ತಾನೆ. ಮುಂದಿನ ದಸರೆಗೆ ಆತನಿಗೆ ಸಂದೇಶ ಹೋಗುವುದು ಜಾಲತಾಣದಿಂದ. ಆ ಸಂದೇಶದಲ್ಲಿ ಇರುವುದು ಪಕ್ಕದ ಬೀದಿಯ ವಸತಿಗೃಹದ ಹೆಸರಾಗಿರಬಹುದು. ನಾವು ಉಪಚರಿಸಿ ಸಂಪಾದಿಸಿದ ವಿಶ್ವಾಸದ ಫಲ ಬೇರೆಯವರಿಗೆ ಸಲ್ಲುತ್ತದೆ.

ಸ್ವಂತ ವ್ಯವಸ್ಥೆ ದುಬಾರಿಯೇ?

ಸಣ್ಣ ಉದ್ದಿಮೆದಾರರಿಗೆ ಬೇಕಾದುದು ಮೂರು ಅಂಗಗಳ ತಂತ್ರಾಂಶ. ಒಂದು, ಕೊಠಡಿ, ಅತಿಥಿ, ಬಿಲ್ಲುಗಳ ಲೆಕ್ಕವಿಡುವ ಸ್ವಾಗತ ಮೇಜಿನ ತಂತ್ರಾಂಶ. ಎರಡು, ನಮ್ಮದೇ ಜಾಲತಾಣದಲ್ಲಿ ಅತಿಥಿ ದಿನಾಂಕ ಆರಿಸಿ ಹಣ ಪಾವತಿಸಿ ಕೊಠಡಿ ಕಾಯ್ದಿರಿಸುವ ಸೌಲಭ್ಯ. ಇದಕ್ಕೆ ಬುಕಿಂಗ್ ಎಂಜಿನ್ ಎನ್ನುತ್ತಾರೆ. ಮೂರು, ಒಂದೆಡೆ ಕೊಠಡಿ ಮಾರಾಟವಾದೊಡನೆ ಉಳಿದೆಲ್ಲ ಜಾಲತಾಣಗಳಲ್ಲಿಯೂ ಆ ಕೊಠಡಿಯನ್ನು ಮುಚ್ಚುವ ಚಾನೆಲ್ ಮ್ಯಾನೇಜರ್. ದಸರಾ, ವರ್ಷಾಂತ್ಯದ ದಿನಗಳಲ್ಲಿ ಒಂದೇ ಕೊಠಡಿ ಇಬ್ಬರಿಗೆ ಮಾರಾಟವಾಗಿ ಮಾಲೀಕರು ಮುಜುಗರಕ್ಕೆ ಒಳಗಾಗುವುದು ಈ ಮೂರನೆಯ ಅಂಗ ಇಲ್ಲದಿದ್ದಾಗ. ಈ ಮೂರನ್ನೂ ಚಂದಾ ರೂಪದಲ್ಲಿ ಒದಗಿಸುವ ಸಂಸ್ಥೆಗಳು ಈಗ ಸಾಕಷ್ಟಿವೆ.

ವಾರ್ಷಿಕ ಚಂದಾ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ತೆರಿಗೆ ಸೇರಿ 35,400 ರೂಪಾಯಿ. ಇದರ ತೆರಿಗೆಯೂ ಜಮೆಗೆ ಸಿಗುವುದಿಲ್ಲ. ನೇರವಾಗಿ ಬರುವ ಪ್ರತಿ ಅತಿಥಿಯಿಂದ ಉಳಿಯುವುದು 708 ರೂಪಾಯಿ. ಪಾವತಿ ಸೇವೆಯವರಿಗೆ ಶೇಕಡಾ 2 ಮತ್ತು ಅದರ ತೆರಿಗೆ ಎಂದು ಸುಮಾರು 74 ರೂಪಾಯಿ ಕಳೆದರೆ ನಿವ್ವಳ ಉಳಿತಾಯ 634 ರೂಪಾಯಿ. ಅಂದರೆ ವರ್ಷಕ್ಕೆ 56 ಕೊಠಡಿ-ರಾತ್ರಿಗಳು ನೇರವಾಗಿ ಮಾರಾಟವಾದರೆ ಚಂದಾ ಮೊತ್ತ ಹಿಂದಿರುಗುತ್ತದೆ. ನೇರವಾಗಿ ಬರುವವರಿಗೆ 200 ರೂಪಾಯಿ ರಿಯಾಯಿತಿ ಕೊಟ್ಟರೂ ಸುಮಾರು 82 ರಾತ್ರಿಗಳು ಸಾಕು. ಹತ್ತು ಕೊಠಡಿಗಳ ವಸತಿಗೃಹಕ್ಕೆ ವರ್ಷದಲ್ಲಿ ಲಭ್ಯವಿರುವ ಕೊಠಡಿ-ರಾತ್ರಿಗಳು 3,650. ಅದರಲ್ಲಿ 82 ಎಂದರೆ ಶೇಕಡಾ 2.25 ಮಾತ್ರ.

ಇಲ್ಲಿ ಒಂದು ಆಕ್ಷೇಪ ಸಹಜ. ದೊಡ್ಡ ಜಾಲತಾಣಗಳ ಜಾಹೀರಾತಿನ ಮುಂದೆ ನಮ್ಮ ಜಾಲತಾಣವನ್ನು ಯಾರು ನೋಡುತ್ತಾರೆ? ಮೊದಲ ಬಾರಿಗೆ ಬರುವ ಅಪರಿಚಿತ ಅತಿಥಿ ನೋಡಲಾರ ಎಂಬುದು ನಿಜ. ಆತನನ್ನು ಕರೆತಂದುದಕ್ಕಾಗಿ ಕಮಿಷನ್ ಕೊಡುವುದು ನ್ಯಾಯವೂ ಹೌದು. ಆದರೆ ಎರಡನೆಯ ಬಾರಿ ಬರುವ ಅತಿಥಿ, ಆತನ ಬಂಧುಗಳು, ಪ್ರತಿ ತಿಂಗಳೂ ಬರುವ ಔಷಧ ಕಂಪನಿಯ ಪ್ರತಿನಿಧಿ, ಮದುವೆಗಾಗಿ ಐದಾರು ಕೊಠಡಿ ಕೇಳುವ ಕುಟುಂಬ — ಇವರನ್ನೂ ಜಾಲತಾಣದ ಮೂಲಕವೇ ಬರಮಾಡಿಕೊಂಡು ಪ್ರತಿ ಸಾರಿಯೂ ಶೇಕಡಾ 23.6 ತೆರುವುದು ವ್ಯಾಪಾರದ ಜಾಣತನವಲ್ಲ. ಹೊಸ ಗ್ರಾಹಕನಿಗೆ ಮಧ್ಯವರ್ತಿ, ಹಳೆಯ ಗ್ರಾಹಕನಿಗೆ ಸ್ವಂತ ಪುಸ್ತಕ ಎಂಬ ವಿಂಗಡಣೆ ಸಾಕು.

ತಂತ್ರಾಂಶ ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳು ಇವು:

1. ಅತಿಥಿಗಳ ಮತ್ತು ಬಿಲ್ಲುಗಳ ಸಂಪೂರ್ಣ ಮಾಹಿತಿಯನ್ನು ಯಾವುದೇ ದಿನ ಪ್ರತಿ ಮಾಡಿಕೊಳ್ಳಲು ಅವಕಾಶವಿರಬೇಕು. ಚಂದಾ ನಿಲ್ಲಿಸಿದಾಗ ಮಾಹಿತಿ ಕಳೆದುಹೋಗುವಂತಿದ್ದರೆ ಅದು ಸ್ವಂತ ಪುಸ್ತಕವಲ್ಲ.

2. ಜಾಲತಾಣದ ಹೆಸರು ಮಾಲೀಕನ ಹೆಸರಿನಲ್ಲಿಯೇ ನೋಂದಣಿಯಾಗಬೇಕು. ತಂತ್ರಾಂಶ ಮಾರುವವರ ಹೆಸರಿನಲ್ಲಿ ಅಲ್ಲ.

3. ಒಟ್ಟು ಬಾಡಿಗೆ, ಕಮಿಷನ್, ಟಿ.ಸಿ.ಎಸ್., ಟಿ.ಡಿ.ಎಸ್. ಪ್ರತ್ಯೇಕವಾಗಿ ತೋರಿಸುವ ತಿಂಗಳ ಪಟ್ಟಿ ದೊರೆಯಬೇಕು. ಅದನ್ನು ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ಪ್ರತಿ ತಿಂಗಳೂ ತಾಳೆ ನೋಡಬೇಕು.

4. ಅತಿಥಿಯ ಮೊಬೈಲ್ ಸಂಖ್ಯೆ, ಗುರುತಿನ ಚೀಟಿಗಳ ಪ್ರತಿ ನಮ್ಮಲ್ಲಿ ಉಳಿಯುವುದರಿಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯೂ ನಮ್ಮದಾಗುತ್ತದೆ. ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹಿಸಬಾರದು. ಒಪ್ಪಿಗೆ ಇಲ್ಲದೆ ಸಂದೇಶ ಕಳುಹಿಸಬಾರದು.

ಸಂಘಟಿತ ಪ್ರಯತ್ನ ಅಗತ್ಯ

ಒಬ್ಬ ಮಾಲೀಕ ಒಬ್ಬನೇ ಚೌಕಾಸಿ ಮಾಡಿ ದೊಡ್ಡ ಸಂಸ್ಥೆಯ ಷರತ್ತು ಬದಲಿಸಲಾರ. ಸ್ಪರ್ಧಾ ಆಯೋಗದ ಮುಂದೆ ಹೋದದ್ದೂ ಒಬ್ಬ ಹೋಟೆಲ್ ಮಾಲೀಕನಲ್ಲ, ಒಂದು ಒಕ್ಕೂಟ. ಬೆಂಗಳೂರಿನ ಆಟೋ ಚಾಲಕರ ಸಂಘದ ಸಹಯೋಗದೊಂದಿಗೆ 2022ರಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಇನ್ನೊಂದು ನಿದರ್ಶನ. ಪ್ರತಿ ಬಾಡಿಗೆಯಲ್ಲಿ ಪಾಲು ಕೇಳುವ ಬದಲು ಚಾಲಕರಿಂದ ನಿಗದಿತ ಶುಲ್ಕ ಪಡೆಯುವ ಮಾರ್ಗವನ್ನು ಅದು ಹಿಡಿಯಿತು. ಆಟೋ ಚಾಲಕರಿಗೆ ಸಾಧ್ಯವಾದುದು ವಸತಿಗೃಹ ಮಾಲೀಕರಿಗೆ ಅಸಾಧ್ಯವಾಗಬೇಕಿಲ್ಲ. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ಗಾದೆ ವ್ಯಾಪಾರಕ್ಕೂ ಸಲ್ಲುತ್ತದೆ.

ಜಿಲ್ಲಾ ಮಟ್ಟದ ವಾಣಿಜ್ಯೋದ್ಯಮ ಸಂಸ್ಥೆಗಳು ಈ ದಿಸೆಯಲ್ಲಿ ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಮೊದಲನೆಯದಾಗಿ, ಸದಸ್ಯರ ಪರವಾಗಿ ತಂತ್ರಾಂಶ ಸಂಸ್ಥೆಗಳೊಂದಿಗೆ ಸಗಟು ದರ ನಿಗದಿಪಡಿಸುವುದು. ಎರಡನೆಯದಾಗಿ, ಜಿಲ್ಲೆಯ ವಸತಿಗೃಹಗಳು, ಹೋಂಸ್ಟೇಗಳು, ಟ್ಯಾಕ್ಸಿಗಳು ಒಂದೇ ಕಡೆ ದೊರೆಯುವಂತೆ ಕಮಿಷನ್ನಿನ ಬದಲು ವಾರ್ಷಿಕ ಶುಲ್ಕದ ಸಮಾನ ಜಾಲತಾಣವೊಂದನ್ನು ರೂಪಿಸಿ, ಪ್ರತಿ ಸದಸ್ಯನ ಅತಿಥಿಯನ್ನು ಆತನ ಸ್ವಂತ ಮುಂಗಡ ಪುಸ್ತಕಕ್ಕೇ ಕಳುಹಿಸುವುದು. ಮೂರನೆಯದಾಗಿ, ಒಪ್ಪಂದ ಪತ್ರಗಳ ಷರತ್ತುಗಳನ್ನು ಕನ್ನಡದಲ್ಲಿ ವಿವರಿಸುವ ಕಾರ್ಯಾಗಾರಗಳನ್ನು ವರ್ಷಕ್ಕೊಮ್ಮೆಯಾದರೂ ಏರ್ಪಡಿಸುವುದು. 7,500 ರೂಪಾಯಿಯೊಳಗಿನ ಕೊಠಡಿಗಳಿಗೆ ಹೂಡುವಳಿ ತೆರಿಗೆ ಜಮೆ ತಪ್ಪಿದುದರಿಂದ ಕಮಿಷನ್ ಮೇಲಿನ ತೆರಿಗೆ ಸಣ್ಣವರ ಮೇಲೆ ಬಿದ್ದಿರುವ ವಿಚಾರವನ್ನು ಜಿ.ಎಸ್.ಟಿ. ಮಂಡಳಿಯ ಗಮನಕ್ಕೆ ತರುವುದೂ ಸಂಸ್ಥೆಗಳ ಕರ್ತವ್ಯ.

ಸದ್ಯಕ್ಕೆ ಪ್ರತಿಯೊಬ್ಬ ಮಾಲೀಕನೂ ಮಾಡಬಹುದಾದ ಒಂದು ಕೆಲಸವಿದೆ. ಕಳೆದ ಹನ್ನೆರಡು ತಿಂಗಳ ಜಾಲತಾಣದ ಲೆಕ್ಕಪಟ್ಟಿಗಳನ್ನು ತೆಗೆದು ಒಟ್ಟು ಬಾಡಿಗೆ ಎಷ್ಟು, ತೆರಿಗೆ ಸಹಿತ ಕಮಿಷನ್ ಎಷ್ಟು, ಅದರಲ್ಲಿ ಹಿಂದೆಯೇ ನಮ್ಮಲ್ಲಿ ಉಳಿದಿದ್ದ ಅತಿಥಿಗಳಿಗಾಗಿ ತೆತ್ತದ್ದೆಷ್ಟು ಎಂಬ ಮೂರು ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಮೂರನೆಯ ಮೊತ್ತವು ಸ್ವಂತ ತಂತ್ರಾಂಶದ ವಾರ್ಷಿಕ ಚಂದಾಕ್ಕಿಂತ ಹೆಚ್ಚಾಗಿದ್ದರೆ ನಿರ್ಧಾರವನ್ನು ಮುಂದೂಡಲು ಕಾರಣವಿಲ್ಲ.